ಪಿಯುಸಿ ಆದ ಮೇಲೆ ಅಲೈಡ್ ಹೆಲ್ತ್: ಬೆಂಗಳೂರಿನಲ್ಲಿ ಯಾವ ಕೋರ್ಸ್ ಆರಿಸಿಕೊಳ್ಳೋದು?

ಬೆಳಿಗ್ಗೆ ಆರೂವರೆ ಶಿಫ್ಟ್‌ನಲ್ಲಿ ನಾನು ಮೊದಲು ಮಾಡುವ ಕೆಲಸ ರೋಗಿಯ ಕೈ ಮುಟ್ಟಿ ನೋಡುವುದು. ಡಯಾಲಿಸಿಸ್‌ಗೆ, ಅಂದರೆ ಕೆಟ್ಟ ಕಿಡ್ನಿಯ ಬದಲು ಮೆಷಿನ್‌ನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಲು, ಬರುವ ಹೆಚ್ಚಿನವರ ತೋಳಿನಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದ ಫಿಸ್ಟುಲಾ ಇರುತ್ತದೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ನಡುಕ ಸಿಗಬೇಕು. ನಾವು ಅದಕ್ಕೆ ಥ್ರಿಲ್ ಅನ್ನುತ್ತೇವೆ. ಥ್ರಿಲ್ ಸಿಕ್ಕರೆ ಸೂಜಿ ಹಾಕುತ್ತೇನೆ. ಸಿಗದಿದ್ದರೆ ಸೂಜಿ ಕೈಗೆತ್ತಿಕೊಳ್ಳುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಬಿ.ಎಸ್ಸಿ ರೀನಲ್ ಡಯಾಲಿಸಿಸ್ ಟೆಕ್ನಾಲಜಿಗೆ ಸೇರಿದ ದಿನ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. "ಇದರಲ್ಲಿ ಸೀಟ್ ಇದೆ, ಒಳ್ಳೆ ಸ್ಕೋಪ್ ಇದೆ" ಅಂದರು, ಸೇರಿಬಿಟ್ಟೆ. ನನ್ನ ಪುಣ್ಯ, ಕೆಲಸ ಮನಸ್ಸಿಗೆ ಹಿಡಿಸಿತು. ನನ್ನ ಬ್ಯಾಚ್‌ನಲ್ಲೇ ಹಿಡಿಸದೆ ಬಿಟ್ಟು ಹೋದವರೂ ಇದ್ದಾರೆ. ಅವರು ದಡ್ಡರಲ್ಲ. ದಿನವಿಡೀ ಎಲ್ಲಿ ನಿಂತು ಏನು ಮಾಡಬೇಕಾಗುತ್ತದೆ ಅಂತ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ, ಅಷ್ಟೇ.

ಈಗ ನಮ್ಮ ಚಿಕ್ಕಪ್ಪನ ಮಗಳ ಸರದಿ. ತಿಪಟೂರಿನವಳು, ಪಿಯುಸಿಯಲ್ಲಿ ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಮುಗಿಸಿದ್ದಾಳೆ. ನೀಟ್‌ನಲ್ಲಿ ಎಂಬಿಬಿಎಸ್ ಎಟುಕಲಿಲ್ಲ. "ಏನಮ್ಮ, ಈ ಅಲೈಡ್ ಹೆಲ್ತ್ ಕೋರ್ಸ್‌ಗಳಲ್ಲಿ ಯಾವುದು ಒಳ್ಳೇದು ಅಂತ ಒಂದು ಹೇಳಿಬಿಡು" ಅಂದರು ಚಿಕ್ಕಪ್ಪ. ಒಂದು ಹೆಸರು ಹೇಳಿಬಿಡಲು ನನ್ನಿಂದ ಆಗಲಿಲ್ಲ. ಅವಳನ್ನು ಎರಡು ದಿನ ಬೆಂಗಳೂರಿಗೆ ಕಳಿಸಿ ಅಂದೆ. ಆ ಎರಡು ದಿನ ಅವಳಿಗೆ ಹೇಳಿದ್ದು, ತೋರಿಸಿದ್ದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲ

ಅಲೈಡ್ ಹೆಲ್ತ್ ಸೈನ್ಸಸ್ ಅನ್ನುವುದು ಒಂದು ಕೋರ್ಸ್ ಅಲ್ಲ. ಲ್ಯಾಬ್, ಇಮೇಜಿಂಗ್, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಕಾರ್ಡಿಯಾಕ್ ಕೇರ್, ಪರ್ಫ್ಯೂಷನ್, ರೆಸ್ಪಿರೇಟರಿ ಕೇರ್, ರೇಡಿಯೋಥೆರಪಿ, ಆಪ್ಟೊಮೆಟ್ರಿ ಹೀಗೆ ಹಲವು ಕೋರ್ಸ್‌ಗಳಿಗೆ ಒಟ್ಟಾಗಿ ಇಟ್ಟ ಹೆಸರು. ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇವುಗಳಿಗೆ 3 ವರ್ಷ ಓದು, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಒಟ್ಟು 4 ವರ್ಷ. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಾಠ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ದಾರಿ ಬೇರೆಯಾಗುವುದು ಎರಡನೇ ವರ್ಷದಿಂದ. ಆದರೆ ಮೊದಲ ವರ್ಷ ನೋಡಿಕೊಂಡು ಆಮೇಲೆ ಬದಲಾಯಿಸುತ್ತೇನೆ ಅನ್ನುವ ಹಾಗಿಲ್ಲ. ಸೇರುವಾಗಲೇ ಕೋರ್ಸ್ ಆರಿಸಿಕೊಂಡು ಸೇರಬೇಕು.

ನರ್ಸಿಂಗ್ ಇದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆಯೇ ಕಾನೂನು, ಬೇರೆಯೇ ಸಂಸ್ಥೆ ಇದೆ. ನಮ್ಮ ಕೆಲಸಗಳಿಗೆ ಅಂತ 2021ರಲ್ಲಿ ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂತು. ಅದು ಈ ಕೆಲಸಗಳನ್ನು 10 ಗುಂಪು ಮಾಡಿದೆ. ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು 2ರಿಂದ 4 ವರ್ಷಗಳಲ್ಲಿ ಕನಿಷ್ಠ 2,000 ಗಂಟೆ ಓದು, ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು 3ರಿಂದ 6 ವರ್ಷಗಳಲ್ಲಿ ಕನಿಷ್ಠ 3,600 ಗಂಟೆ ಬೇಕು ಅಂತ ಅದು ಹೇಳುತ್ತದೆ. ಇಷ್ಟು ವರ್ಷ "ಟೆಕ್ನಿಷಿಯನ್ ಕರೀರಿ" ಅನ್ನಿಸಿಕೊಂಡೇ ಇದ್ದ ನಮಗೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿದೆ. ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ. ಆ ಆಯೋಗ ಈಗ ಒಂದೊಂದೇ ಕೋರ್ಸ್‌ಗೆ ಹೊಸ ಪಠ್ಯಕ್ರಮ ತರುತ್ತಿದೆ. ಹಾಗಾಗಿ ಅವಧಿ, ಪ್ರವೇಶದ ನಿಯಮ ಇವನ್ನು ಹಳೇ ವಿದ್ಯಾರ್ಥಿಗಳ ಬಾಯಿಂದ ಕೇಳಿ ನಂಬಬೇಡಿ. ನೀವು ಸೇರುವ ವರ್ಷದ ಅಧಿಸೂಚನೆಯನ್ನೇ ಓದಿ.

ಯಾವ ಕೋಣೆಯಲ್ಲಿ ನಿಲ್ಲುತ್ತೀರಿ?

ಕೋರ್ಸ್‌ಗಳನ್ನು ಹೋಲಿಸಲು ನಾನು ಬಳಸುವ ಪ್ರಶ್ನೆ ಇದೊಂದೇ. ರೋಗಿಯ ಪಕ್ಕ ನಿಲ್ಲುವ ಕೆಲಸವೋ, ರೋಗಿಯ ರಕ್ತ ಮಾತ್ರ ನಿಮ್ಮ ಹತ್ತಿರ ಬರುವ ಕೆಲಸವೋ, ಗಾಜಿನ ಆಚೆ ಕೂತು ಮಾಡುವ ಕೆಲಸವೋ? ಇದಕ್ಕೆ ನಿಮ್ಮ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗಿ ಅಳಿಸಿ ಹೋಗುತ್ತದೆ.

ಲ್ಯಾಬ್, ಅಂದರೆ ಎಂಎಲ್‌ಟಿ (ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ). ಇದು ಶಿಸ್ತಿನ ಕೆಲಸ. ನನ್ನ ರೂಮ್‌ಮೇಟ್ ಲ್ಯಾಬ್‌ನಲ್ಲಿದ್ದಾಳೆ. ಅವಳು ಚಿಕ್ಕಪ್ಪನ ಮಗಳಿಗೆ ಟೇಬಲ್ ಮೇಲೆ ಖಾಲಿ ಟ್ಯೂಬ್‌ಗಳನ್ನು ಸಾಲಾಗಿ ಇಟ್ಟು ತೋರಿಸಿದಳು. ನೇರಳೆ ಮುಚ್ಚಳದ್ದು ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ. ಬೂದು ಮುಚ್ಚಳದ್ದು ಶುಗರ್‌ಗೆ. ತಿಳಿನೀಲಿ ಮುಚ್ಚಳದ್ದು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ಈ ನೀಲಿ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲು ಇದ್ದರೆ ಒಂಬತ್ತು ಪಾಲು ರಕ್ತ ಇರಬೇಕು. ಗೆರೆಗಿಂತ ಕಡಿಮೆ ತುಂಬಿದ್ದರೆ ಆ ಸ್ಯಾಂಪಲ್ ವಾಪಸ್. ನೇರಳೆ ಟ್ಯೂಬ್‌ನ ರಕ್ತವನ್ನು ಯಾರಾದರೂ ಬೇರೆ ಟ್ಯೂಬ್‌ಗೆ ಸುರಿದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಆ ರಿಪೋರ್ಟ್ ನೋಡಿ ಡಾಕ್ಟರ್ ಔಷಧಿ ಕೊಟ್ಟರೆ? ರೋಗಿಯ ಮುಖವನ್ನೇ ನೋಡದೆ ಆ ರೋಗಿಯ ಜೀವ ಕಾಪಾಡುವ ಕೆಲಸ ಅದು. ಹೊಸಬರೊಂದಿಗೆ ಮಾತಾಡಲು ಮುಜುಗರಪಡುವ, ಆದರೆ ಲೆಕ್ಕದಲ್ಲಿ ಪಕ್ಕಾ ಇರುವ ಮಕ್ಕಳಿಗೆ ಇದು ತುಂಬಾ ಚೆನ್ನಾಗಿ ಒಗ್ಗುತ್ತದೆ. ಬೆಂಗಳೂರಿನಲ್ಲಿ ಲ್ಯಾಬ್ ಇಲ್ಲದ ಬಡಾವಣೆ ಇಲ್ಲ. ಆದರೆ ಎಂಎಲ್‌ಟಿ ಓದಿದವರೂ ಬಹಳ ಜನ ಇದ್ದಾರೆ. ಅದಕ್ಕೇ ಮೊದಲ ಸಂಬಳ ನೋಡಿ ಬೇಜಾರಾಗುವುದುಂಟು. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಗುಣಮಟ್ಟದ ಕೆಲಸ ಕಲಿತವರು ಆಮೇಲೆ ಮೇಲೆ ಬರುತ್ತಾರೆ.

ಇಮೇಜಿಂಗ್‌ನಲ್ಲಿ ಗಾಜು ಮಧ್ಯೆ ಇರುತ್ತದೆ. ಎಕ್ಸ್‌ರೇ, ಸಿಟಿ, ಎಂಆರ್‌ಐ. "ರೇಡಿಯೇಷನ್ ಅಂತೆ, ಹೆಣ್ಣು ಮಕ್ಕಳಿಗೆ ಬೇಡ" ಅಂತ ಚಿಕ್ಕಮ್ಮ ಫೋನಿನಲ್ಲೇ ಹೇಳಿದರು. ಈ ಹೆದರಿಕೆ ತುಂಬಾ ಮನೆಗಳಲ್ಲಿದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ಅದು ಅಯಸ್ಕಾಂತದಿಂದ ನಡೆಯುವುದು. ಎಕ್ಸ್‌ರೇ, ಸಿಟಿ ಮಾಡುವವರು ಎದೆಯ ಹತ್ತಿರ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡಿರುತ್ತಾರೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಎಷ್ಟು ವಿಕಿರಣ ಬಿದ್ದಿದೆ ಅಂತ ಲೆಕ್ಕ ಹಾಕಿಸುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರುವಂತಿಲ್ಲ. ಗರ್ಭಿಣಿಯಾದರೆ ತಿಳಿಸಬೇಕು, ಆಗ ಕೆಲಸದ ಜಾಗ ಬದಲಾಯಿಸಿಕೊಡುತ್ತಾರೆ. ನಿಯಮ ಪಾಲಿಸುವ ಜಾಗದಲ್ಲಿ ಹೆದರಬೇಕಿಲ್ಲ. ಕಾಲೇಜು ನೋಡಲು ಹೋದಾಗ ವಿದ್ಯಾರ್ಥಿಗಳ ಎದೆ ಮೇಲೆ ಬ್ಯಾಡ್ಜ್ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಓಟಿ (ಆಪರೇಷನ್ ಥಿಯೇಟರ್) ಮತ್ತು ಅನಸ್ತೇಸಿಯಾ (ಅರಿವಳಿಕೆ) ಟೆಕ್ನಾಲಜಿ ಧೈರ್ಯ ಇರುವವರಿಗೆ. ಸರ್ಜರಿಗೆ ಮುಂಚೆ ಅನಸ್ತೇಸಿಯಾ ಮೆಷಿನ್ ಸೋರುತ್ತಿದೆಯಾ, ಸಕ್ಷನ್ ಎಳೆಯುತ್ತಿದೆಯಾ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ನ ದೀಪ ಉರಿಯುತ್ತಿದೆಯಾ, ಆಕ್ಸಿಜನ್ ಸಿಲಿಂಡರ್‌ನಲ್ಲಿ ಒತ್ತಡ ಎಷ್ಟಿದೆ, ಎಲ್ಲ ನೋಡಿ ಇಡುವುದು ಇವರೇ. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿ ಬಂದರೆ ಓಡಬೇಕು. ಗಂಟೆಗಟ್ಟಲೆ ನಿಂತೇ ಇರಬೇಕು. ತಿಂಡಿ ತಿನ್ನದೆ ಹೋಗಿ ಮೊದಲ ದಿನ ತಲೆ ತಿರುಗಿ ಬಿದ್ದವರನ್ನು ಕಂಡಿದ್ದೇನೆ. ಅದೇ ಹುಡುಗರು ಆರು ತಿಂಗಳಿಗೆ ಡಾಕ್ಟರ್ ಬಾಯಿ ಬಿಡುವ ಮೊದಲೇ ಉಸಿರಿನ ಟ್ಯೂಬ್ ಕೈಗೆ ಕೊಡುತ್ತಿದ್ದರು. ಸರ್ಜರಿ ನಡೆಯುವ ಆಸ್ಪತ್ರೆ ಇರುವಷ್ಟು ಕಾಲ ಈ ಕೆಲಸ ಇರುತ್ತದೆ.

ಇನ್ನು ನನ್ನದು, ಡಯಾಲಿಸಿಸ್. ಇಲ್ಲಿ ರೋಗಿ ಬಂದು ಹೋಗುವವರಲ್ಲ, ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ ಬರುವವರು. ಒಂದು ಸಲಕ್ಕೆ ನಾಲ್ಕು ಗಂಟೆ. ನಿಮಿಷಕ್ಕೆ 500 ಮಿ.ಲೀ. ಲೆಕ್ಕದಲ್ಲಿ ಆ ನಾಲ್ಕು ಗಂಟೆಯಲ್ಲಿ ಸುಮಾರು 120 ಲೀಟರ್ ಡಯಾಲಿಸಿಸ್ ದ್ರವ ಫಿಲ್ಟರ್‌ನಲ್ಲಿ ತೆಳು ಪೊರೆಯೊಂದರ ಆಚೆ, ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಹಾಗಾಗಿ ನೀರಿನ ಶುದ್ಧಿ ನಮ್ಮ ಜೀವಾಳ. ಆರ್‌ಓ ಪ್ಲಾಂಟ್‌ನ ನೀರಿನಲ್ಲಿ ಕ್ಲೋರಿನ್ ಉಳಿದಿದೆಯಾ ಅಂತ ನೋಡದೆ ನಾನು ಒಂದು ದಿನವೂ ಮೆಷಿನ್ ಶುರು ಮಾಡುವುದಿಲ್ಲ. ಇವರು ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ಬರುವವರ ತೂಕ ನೋಡಿದರೆ ಸಾಕು, ನಿನ್ನೆ ಮನೆಯಲ್ಲಿ ಮದುವೆ ಊಟ ಆಗಿದೆ ಅಂತ ಗೊತ್ತಾಗುತ್ತದೆ. "ಅಜ್ಜಿ, ಮೂರು ಕೆಜಿ ಜಾಸ್ತಿ ಇದೀರಲ್ಲ" ಅಂದರೆ "ಒಂದೇ ಒಂದು ಲೋಟ ಮಜ್ಜಿಗೆ ಕಣಮ್ಮ" ಅಂತಾರೆ. ಇಂಥ ಮಾತು ಇಷ್ಟವಾಗುವವರು ಇಲ್ಲಿಗೆ ಬನ್ನಿ. ಆದರೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇಷ್ಟು ಹತ್ತಿರವಾದವರು ಒಂದು ದಿನ ಬರುವುದಿಲ್ಲ. ಆ ಬೆಡ್‌ಗೆ ಅದೇ ಶಿಫ್ಟ್‌ನಲ್ಲಿ ಬೇರೆಯವರನ್ನು ಮಲಗಿಸಬೇಕು. ಅದನ್ನು ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಕೆಲಸದ ವಿಷಯಕ್ಕೆ ಬಂದರೆ, 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿ ಜಿಲ್ಲಾ ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಯೂನಿಟ್‌ಗಳು ಬಂದವು. ಹಾಗಾಗಿ ಊರ ಹತ್ತಿರ ಕೆಲಸ ಬೇಕು ಅನ್ನುವವರಿಗೂ ದಾರಿ ಇದೆ.

ಪರ್ಫ್ಯೂಷನ್ ಬೇರೆಯೇ ಲೋಕ. ಓಪನ್ ಹಾರ್ಟ್ ಸರ್ಜರಿಯಲ್ಲಿ ಹೃದಯ ನಿಲ್ಲಿಸಿದಾಗ ಹಾರ್ಟ್-ಲಂಗ್ ಮೆಷಿನ್ ನಡೆಸುವವರು ಪರ್ಫ್ಯೂಷನಿಸ್ಟ್. 1953ರಲ್ಲಿ ಜಾನ್ ಗಿಬ್ಬನ್ ಮೊದಲ ಸಲ ಇಂಥ ಮೆಷಿನ್ ಇಟ್ಟುಕೊಂಡು ಹೃದಯದ ಸರ್ಜರಿಯಲ್ಲಿ ಗೆದ್ದರು. ಹೃದಯದ ಸರ್ಜರಿ ಮಾಡುವ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಈ ಕೆಲಸ ಇರುವುದು, ಹಾಗಾಗಿ ಹುದ್ದೆ ಕಡಿಮೆ, ಜವಾಬ್ದಾರಿ ಜಾಸ್ತಿ. ತಿಪಟೂರಿಗೋ ಅರಸೀಕೆರೆಗೋ ವಾಪಸ್ ಹೋಗಿ ನೆಲೆಸಬೇಕು ಅನ್ನುವವರು ಇದನ್ನು ಆರಿಸಿಕೊಳ್ಳಬೇಡಿ.

ಆಪ್ಟೊಮೆಟ್ರಿಯಲ್ಲಿ ನೈಟ್ ಡ್ಯೂಟಿ ಅಪರೂಪ, ಮುಂದೆ ಸ್ವಂತ ಕ್ಲಿನಿಕ್ ಇಟ್ಟುಕೊಳ್ಳಬಹುದು. ತಾಲ್ಲೂಕು ಊರುಗಳಲ್ಲಿ ಸರಿಯಾಗಿ ಕಣ್ಣು ಪರೀಕ್ಷೆ ಮಾಡುವವರು ಇನ್ನೂ ಬೇಕು. ಮನೆಯವರು ಮದುವೆ, ಮಕ್ಕಳು ಅಂತ ಈಗಲೇ ಲೆಕ್ಕ ಹಾಕುತ್ತಿದ್ದರೆ ಅವರಿಗೂ ಇದು ಸಮಾಧಾನ.

ಫಿಸಿಯೋಥೆರಪಿ, ಅಂದರೆ ಬಿಪಿಟಿ, ಇಷ್ಟು ವರ್ಷ 4 ವರ್ಷ ಓದು ಮತ್ತು 6 ತಿಂಗಳ ಇಂಟರ್ನ್‌ಶಿಪ್ ಇದ್ದ ಕೋರ್ಸ್. ಇಲ್ಲಿ ರೋಗಿಯ ಜೊತೆ ತಿಂಗಳುಗಟ್ಟಲೆ ಕೆಲಸ, ತಾಳ್ಮೆಯೇ ಬಂಡವಾಳ. ಮಾತು ಮತ್ತು ಶ್ರವಣದ ಕೋರ್ಸ್ ಬಿಎಎಸ್‌ಎಲ್‌ಪಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಮೊದಲು ನೋಡಿ, ಬೆಂಗಳೂರೇ ಆಗಬೇಕು ಅಂತ ಹಟ ಬೇಡ.

ಇವಲ್ಲದೆ ಕೆಲವು ಕಡೆ ಹೆಲ್ತ್ ಸೈನ್ಸ್, ಪಬ್ಲಿಕ್ ಹೆಲ್ತ್ ಅಂತ ಸಾಮಾನ್ಯ ಪದವಿಗಳೂ ಸಿಗುತ್ತವೆ. ಮುಂದೆ ಎಂಪಿಎಚ್ (ಪಬ್ಲಿಕ್ ಹೆಲ್ತ್‌ನಲ್ಲಿ ಸ್ನಾತಕೋತ್ತರ ಪದವಿ) ಮಾಡಿ ಆರೋಗ್ಯ ಯೋಜನೆಗಳಲ್ಲಿ ಕೆಲಸ ಮಾಡುತ್ತೇನೆ ಅನ್ನುವವರಿಗೆ ಸರಿ. ಡಿಗ್ರಿ ಮುಗಿದ ತಿಂಗಳೇ ಆಸ್ಪತ್ರೆಯಲ್ಲಿ ಕೆಲಸ ಬೇಕು ಅನ್ನುವ ಮನೆಗೆ ಅದು ಸರಿಹೋಗುವುದಿಲ್ಲ.

ಡಿಪ್ಲೊಮಾ ಸಾಕಾ?

ಮನೆಯಲ್ಲಿ ಹಣದ ಕಷ್ಟ ಇದ್ದರೆ ಈ ಪ್ರಶ್ನೆ ಕೇಳಲು ಹಿಂಜರಿಯಬೇಡಿ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಆದ ಮೇಲೂ ಸೇರಬಹುದು. ಬೇಗ ದುಡಿಮೆ ಶುರುವಾಗುತ್ತದೆ. ಮುಂದೆ ಓದಬೇಕು ಅನ್ನಿಸಿದರೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಎಸ್ಸಿ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ, ಆದರೆ ಡಿಪ್ಲೊಮಾ ಓದಿದ ಅದೇ ವಿಷಯದಲ್ಲಿ ಮಾತ್ರ. ಲ್ಯಾಬ್ ಡಿಪ್ಲೊಮಾ ಮಾಡಿ ಓಟಿ ಡಿಗ್ರಿಗೆ ಹೀಗೆ ಹೋಗಲು ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಪಿಯುಸಿ ಪಿಸಿಬಿ ಆಗಿದ್ದು ನಾಲ್ಕು ವರ್ಷ ತಡೆದುಕೊಳ್ಳುವ ಶಕ್ತಿ ಮನೆಗೆ ಇದ್ದರೆ ಡಿಗ್ರಿಯೇ ಮಾಡಿ. ಎಂ.ಎಸ್ಸಿ, ಪಾಠ ಹೇಳುವ ಕೆಲಸ, ಹೊರದೇಶ ಇವೆಲ್ಲಕ್ಕೂ ಡಿಗ್ರಿ ಕೇಳುತ್ತಾರೆ. ಬ್ರಿಟನ್‌ಗೆ ಹೋಗುವ ಆಸೆ ಇದ್ದರೆ ಇದನ್ನೂ ಗಮನಿಸಿ: ಅಲ್ಲಿ ರೇಡಿಯೋಗ್ರಾಫರ್ ಮತ್ತು ಫಿಸಿಯೋಥೆರಪಿಸ್ಟ್‌ಗಳಿಗೆ ಎಚ್‌ಸಿಪಿಸಿ ಅನ್ನುವ ನೋಂದಣಿ ಇದೆ. ನನ್ನ ಡಯಾಲಿಸಿಸ್‌ಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಸರ್ಕಾರಿ ಕೆಲಸದ ಕನಸಿದ್ದರೆ ರೈಲ್ವೆ ನೇಮಕಾತಿ ಮಂಡಳಿಯ ಹಳೆಯ ಪ್ಯಾರಾಮೆಡಿಕಲ್ ಅಧಿಸೂಚನೆ ಒಂದನ್ನು ಈಗಲೇ ತೆಗೆದು ಓದಿ. ಪ್ರತಿ ಹುದ್ದೆಗೆ ಯಾವ ವಿದ್ಯಾರ್ಹತೆ ಕೇಳಿದ್ದಾರೆ ಅನ್ನುವ ಆ ಒಂದು ಸಾಲು ಮುಖ್ಯ.

ಕಾಲೇಜಿನ ಹಿಂದೆ ಯಾವ ಆಸ್ಪತ್ರೆ ಇದೆ?

ನಾನು ಓದಿದ ಕಾಲೇಜಿಗೆ ಒಳ್ಳೆ ಕಟ್ಟಡ ಇತ್ತು. ಬಸ್ ಇತ್ತು. ಡಯಾಲಿಸಿಸ್ ಮೆಷಿನ್ ಮಾತ್ರ ಎರಡೇ ಇದ್ದವು, ಅದರಲ್ಲಿ ಒಂದು ಕೆಟ್ಟಿತ್ತು. ಎರಡನೇ ವರ್ಷ ಪೂರ್ತಿ ಹನ್ನೆರಡು ಜನ ಒಂದು ಬೆಡ್ ಸುತ್ತ ನಿಂತು ನೋಡಿದೆವು. ನಾನು ನನ್ನ ಮೊದಲ ಸೂಜಿ ಹಾಕಿದ್ದು ಇಂಟರ್ನ್‌ಶಿಪ್‌ಗೆ ಬೇರೆ ಆಸ್ಪತ್ರೆಗೆ ಕಳಿಸಿದಾಗಲೇ. ಕೈ ನಡುಗುತ್ತಿತ್ತು. ಆ ರೋಗಿ, ಅರವತ್ತು ದಾಟಿದ ಹಿರಿಯರು, "ಪರವಾಗಿಲ್ಲ ಹಾಕಮ್ಮ" ಅಂದರು. ನಾನು ಕಲಿಯಬೇಕಾದ್ದನ್ನು ಕಾಲೇಜು ಕಲಿಸಲಿಲ್ಲ, ಅದರ ನೋವನ್ನು ಅವರು ತಡೆದುಕೊಂಡರು. ಅದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಇದಲ್ಲದೆ ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡವರು ಅದನ್ನು ವಾಪಸ್ ಕೊಡಲು ಅಪ್ಪನನ್ನು ನಾಲ್ಕು ಸಲ ಓಡಾಡಿಸಿದರು.

ಅದಕ್ಕೇ ಚಿಕ್ಕಪ್ಪನ ಮಗಳಿಗೆ ಹೇಳಿದೆ: ಪ್ರಾಸ್ಪೆಕ್ಟಸ್ ಪಕ್ಕಕ್ಕಿಡು, ಆಸ್ಪತ್ರೆಗೆ ನಡಿ. ಮೊದಲು ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ವಿಕ್ಟೋರಿಯಾ ಆವರಣಕ್ಕೆ ಹೋದೆವು. 1900ರಲ್ಲಿ ಶುರುವಾದ ವಿಕ್ಟೋರಿಯಾ ಆಸ್ಪತ್ರೆ ಈಗ ಬೆಂಗಳೂರು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅದೇ ಆವರಣದಲ್ಲಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಪಕ್ಕದಲ್ಲಿ ಮಿಂಟೋ ಕಣ್ಣಾಸ್ಪತ್ರೆ, ವಾಣಿ ವಿಲಾಸ. ಓಪಿಡಿಯ ಸಾಲು ನೋಡಿ ಅವಳು ಗಾಬರಿಯಾದಳು. ಈ ಸಾಲೇ ನಿನಗೆ ಪಾಠ ಅಂದೆ. ದಿನಕ್ಕೆ ನೂರು ಸ್ಯಾಂಪಲ್ ನೋಡುವ ಜಾಗದಲ್ಲಿ ಕೈ ಬೇಗ ಪಳಗುತ್ತದೆ. ಮಾರನೇ ದಿನ ಹಳದಿ ಮಾರ್ಗದ ಮೆಟ್ರೊ ಹಿಡಿದು ಜಯದೇವ ಹೃದ್ರೋಗ ಸಂಸ್ಥೆ ತೋರಿಸಿದೆ. ಹೃದಯಕ್ಕೆ ಸಂಬಂಧಿಸಿದ ಕೋರ್ಸ್‌ಗೆ ಜಯದೇವ, ಕ್ಯಾನ್ಸರ್ ರೇಡಿಯೋಥೆರಪಿಗೆ ಹೊಸೂರು ರಸ್ತೆಯ ಕಿದ್ವಾಯಿ, ಹೀಗೆ ಒಂದೇ ಕೆಲಸಕ್ಕೆ ಅಂತಲೇ ಇರುವ ಆಸ್ಪತ್ರೆಗಳು ಬೆಂಗಳೂರಿನ ದೊಡ್ಡ ಲಾಭ. ನಿಮ್ಹಾನ್ಸ್‌ನಲ್ಲೂ ಬಿ.ಎಸ್ಸಿ ರೇಡಿಯೋಗ್ರಫಿ ಇದೆ, ಆದರೆ ಅದು ತನ್ನದೇ ಪದವಿ ಕೊಡುವ ಸಂಸ್ಥೆ, ಅಲ್ಲಿಗೆ ಅರ್ಜಿ ಬೇರೆ ಹಾಕಬೇಕು. ಸರ್ಕಾರಿ ಕೋಟಾದ ಸೀಟುಗಳಿಗೆ ಮಲ್ಲೇಶ್ವರದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಣೆಗಳನ್ನು ದಿನಾ ನೋಡುತ್ತಿರಿ. ದಿನಾಂಕ ತಪ್ಪಿತು ಅಂತ ಆಮೇಲೆ ಏಜೆಂಟ್ ಹತ್ತಿರ ಹೋಗಿ ದುಡ್ಡು ಕಳೆದುಕೊಂಡವರು ನಮ್ಮ ಕಡೆ ಬೇಕಾದಷ್ಟಿದ್ದಾರೆ.

ಖಾಸಗಿ ಕಾಲೇಜಾದರೆ ಮೂರು ವಿಷಯ ಕೇಳಿ, ನೇರವಾಗಿ. ಆಸ್ಪತ್ರೆ ನಿಮ್ಮದೇನಾ, ಇಲ್ಲ ಒಪ್ಪಂದದ್ದಾ? ನಾನು ಸೇರುವ ಕೋರ್ಸ್‌ಗೆ ಈ ವರ್ಷ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ, ಎಷ್ಟು ಸೀಟಿಗೆ? ಕಾಲೇಜಿಗೆ ಮಾನ್ಯತೆ ಇದೆ ಅಂದರೆ ಸಾಲದು, ಕೋರ್ಸ್‌ಗೇ ಇರಬೇಕು. ಇದನ್ನು ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲೇ ಹೋಲಿಸಿ ನೋಡಿ. ಮೂರನೆಯದು, ಇಂಟರ್ನ್‌ಶಿಪ್ ಎಲ್ಲಿ, ಸ್ಟೈಪೆಂಡ್ ಕೊಡುತ್ತೀರಾ? ಆಮೇಲೆ ಕಚೇರಿಯಿಂದ ಹೊರಗೆ ಬಂದು ಕ್ಯಾಂಟೀನ್‌ನಲ್ಲಿ ಮೂರನೇ ವರ್ಷದ ಮಕ್ಕಳನ್ನು ಹುಡುಕಿ. "ನೀವು ಸ್ವಂತವಾಗಿ ಎಷ್ಟು ಕೇಸ್ ಮಾಡಿದ್ದೀರಿ?" ಅಂತ ಕೇಳಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನಿಮಗೆ ಉತ್ತರ ಸಿಕ್ಕಿದ ಹಾಗೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಒಂದು ಮಾತು. ಮೊದಲ ವರ್ಷ ಅನಾಟಮಿ ಇಂಗ್ಲಿಷ್‌ನಲ್ಲಿ ಕಷ್ಟವಾಗುತ್ತದೆ, ನನಗೂ ಆಗಿತ್ತು. ಒಂದು ಪೇಪರ್ ಉಳಿದು ಎರಡನೇ ಸಲ ಪಾಸ್ ಮಾಡಿದೆ. ಆದರೆ ವಾರ್ಡ್‌ಗೆ ಇಳಿದ ದಿನ ಲೆಕ್ಕ ತಿರುಗುತ್ತದೆ. ಚಳ್ಳಕೆರೆಯಿಂದ ಬಂದ ಅಜ್ಜಿಗೆ ಎಂಆರ್‌ಐ ಕೋಣೆಗೆ ಹೋಗುವ ಮೊದಲು ತಾಳಿ, ಕಾಲುಂಗುರ ಯಾಕೆ ಬಿಚ್ಚಿಡಬೇಕು ಅಂತ ಮನಸ್ಸಿಗೆ ನೋವಾಗದ ಹಾಗೆ ಹೇಳಬೇಕಲ್ವಾ? ಅದನ್ನು ನಿಮ್ಮ ಕನ್ನಡದಷ್ಟು ಚೆನ್ನಾಗಿ ಯಾವ ಇಂಗ್ಲಿಷೂ ಮಾಡುವುದಿಲ್ಲ.

ಎರಡನೇ ದಿನ ಸಂಜೆ ನಮ್ಮ ಯೂನಿಟ್‌ನ ಇನ್‌ಚಾರ್ಜ್ ಸಿಸ್ಟರ್ ಒಪ್ಪಿಗೆ ಪಡೆದು ಅವಳನ್ನು ಬಾಗಿಲ ಹತ್ತಿರ ಹತ್ತು ನಿಮಿಷ ನಿಲ್ಲಿಸಿದೆ. ಕೊಳವೆಯಲ್ಲಿ ರಕ್ತ ಓಡುವುದನ್ನು ನೋಡಿ ಅವಳು ತಲೆ ತಗ್ಗಿಸಿದಳು. ಹೊರಗೆ ಬಂದು, "ಅಕ್ಕ, ನೀನು ಬೇಜಾರು ಮಾಡ್ಕೋಬೇಡ, ಇದು ನನ್ನ ಕೈಲಿ ಆಗಲ್ಲ" ಅಂದಳು. ಬೇಜಾರು ಯಾಕೆ? ಸೇರಿ ಎರಡು ವರ್ಷ ಆದ ಮೇಲೆ ಗೊತ್ತಾಗುವ ಬದಲು ಹತ್ತು ನಿಮಿಷದಲ್ಲಿ ಗೊತ್ತಾಯಿತು. ರಾತ್ರಿ ಅವಳು ಮತ್ತೆ ಟ್ಯೂಬ್‌ಗಳ ಮುಂದೆ ಕೂತು, ನೀಲಿಯದ್ದನ್ನು ಬೆಳಕಿಗೆ ಹಿಡಿದು ಗೆರೆ ಎಲ್ಲಿದೆ ಅಂತ ನೋಡುತ್ತಿದ್ದಳು. ಅವಳ ಆಪ್ಷನ್ ಪಟ್ಟಿಯಲ್ಲಿ ಎಂಎಲ್‌ಟಿ ಮೊದಲು, ಇಮೇಜಿಂಗ್ ಎರಡನೆಯದು. ಚಿಕ್ಕಮ್ಮನಿಗೆ ಟಿಎಲ್‌ಡಿ ಬ್ಯಾಡ್ಜ್ ವಿಷಯ ನಾನೇ ಇನ್ನೊಮ್ಮೆ ಫೋನ್ ಮಾಡಿ ಹೇಳಬೇಕು.